ಬೋರ್ಡಿನ ಮೇಲಿನ ಆ ನಂಬರ್ ಎಲ್ಲಿಂದ ಬಂತು? ಬೀದಿಗಳ ವೇಗಮಿತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

30, 40, 50 ಅಂತ ಬರೆದ ಬೋರ್ಡುಗಳನ್ನು ದಿನಾ ನೋಡುತ್ತೇವೆ. ಆ ನಂಬರನ್ನು ಯಾರು ಗೊತ್ತುಮಾಡಿದರು, ಯಾವ ಲೆಕ್ಕದ ಮೇಲೆ, ಬದಲಾಯಿಸಬೇಕಾದರೆ ಯಾರ ಬಾಗಿಲು ತಟ್ಟಬೇಕು ಅಂತ ಕೇಳಿದರೆ ಮಾತ್ರ ಸರಿಯಾದ ಉತ್ತರ ಸಿಗುವುದು ಕಷ್ಟ. ಇಲ್ಲಿರುವುದು ಹೆದ್ದಾರಿಯ ಮಾತಲ್ಲ. ಮನೆ, ಶಾಲೆ, ಅಂಗಡಿಗಳ ಮಧ್ಯೆ ಹಾದುಹೋಗುವ ಊರೊಳಗಿನ ಬೀದಿಗಳದ್ದು.

ವೇಗಮಿತಿ ನಿಗದಿ ಮಾಡುವುದು ನಗರಸಭೆಯೇ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ಬೋರ್ಡ್ ನೆಡುವುದು ನಗರದವರೇ ಇರಬಹುದು. ಆದರೆ ಅದರ ಮೇಲೆ ಎಷ್ಟು ಬರೆಯಬಹುದು ಅನ್ನುವ ಕಾನೂನು ಬಹಳ ಕಡೆ ಮೇಲಿನ ಸರ್ಕಾರದ ಕೈಯಲ್ಲಿರುತ್ತದೆ. ನ್ಯೂಯಾರ್ಕ್‌ನಂಥ ನಗರವೂ ತನ್ನ ಮಾಮೂಲಿ ಮಿತಿಯನ್ನು ಗಂಟೆಗೆ 30 ಮೈಲಿಯಿಂದ 25ಕ್ಕೆ ಇಳಿಸಲು 2014ರಲ್ಲಿ ರಾಜ್ಯದ ಶಾಸನಸಭೆಯ ಒಪ್ಪಿಗೆ ಪಡೆಯಬೇಕಾಯಿತು. 20ಕ್ಕೆ ಇಳಿಸಬಹುದು ಅನ್ನುವ ಕಾನೂನು ಬಂದದ್ದು 2024ರಲ್ಲಿ. ಇನ್ನೈದು ಮೈಲಿ ಇಳಿಸುವ ಹಕ್ಕಿಗೆ ಹತ್ತು ವರ್ಷ ಕಾಯಬೇಕಾಯಿತು!

ಜರ್ಮನಿಯಲ್ಲೂ ಇದೇ ಕಥೆ. ಮುಖ್ಯ ಬೀದಿಗಳಲ್ಲಿ 30 ಕಿ.ಮೀ. ಮಿತಿ ಹಾಕಬೇಕೆಂದರೆ ಅಲ್ಲಿ ವಿಶೇಷ ಅಪಾಯ ಇದೆ ಅಂತ ನಗರ ತೋರಿಸಬೇಕಿತ್ತು. 'ನಮ್ಮ ಬೀದಿ ನಾವೇ ತೀರ್ಮಾನಿಸುತ್ತೇವೆ' ಅಂತ 2021ರಲ್ಲಿ ಏಳು ನಗರಗಳು ಸೇರಿ ಒಂದು ಒಕ್ಕೂಟ ಶುರುಮಾಡಿದವು. ಆಮೇಲೆ ಸಾವಿರಕ್ಕೂ ಹೆಚ್ಚು ಊರುಗಳು ಅದಕ್ಕೆ ಸೇರಿಕೊಂಡವು. 2024ರಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಇದನ್ನು ಹೇಳುತ್ತದೆ. ರಾಜ್ಯ ಸರ್ಕಾರ, ಇಲ್ಲವೇ ಅದು ಅಧಿಕಾರ ಕೊಟ್ಟ ಪ್ರಾಧಿಕಾರ, ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿ, ಜಾಗದಲ್ಲಿ ಬೋರ್ಡನ್ನೂ ಹಾಕಿಸಿ ಮಿತಿ ಗೊತ್ತುಮಾಡಬಹುದು. ಒಂದು ತಿಂಗಳು ಮೀರದ ತಾತ್ಕಾಲಿಕ ಮಿತಿಗೆ ಮಾತ್ರ ಅಧಿಸೂಚನೆ ಬೇಕಿಲ್ಲ.

ಹಾಗಾಗಿ ಅರ್ಜಿ ಬರೆಯುವ ಮುಂಚೆ 'ಈ ಬೀದಿ ಯಾರದ್ದು' ಅಂತ ವಿಚಾರಿಸಿ. ಊರಿನ ನಟ್ಟನಡುವೆ ಇದ್ದರೂ ಅದು ರಾಜ್ಯದ ರಸ್ತೆಯಾಗಿರಬಹುದು. ಆಗ ನಗರಸಭೆಗೆ ಹತ್ತು ಪತ್ರ ಬರೆದರೂ ಬರುವುದು 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಅನ್ನುವ ಒಂದೇ ಉತ್ತರ.

ನಮ್ಮ ಬೀದಿಯಲ್ಲಿ ಬೋರ್ಡೇ ಇಲ್ಲ. ಹಾಗಾದರೆ ಮಿತಿ ಇಲ್ಲ ಅಂತಲೇ?

ಅಲ್ಲ. ಬೋರ್ಡ್ ಇಲ್ಲದ ಕಡೆ ಕಾನೂನಿನಲ್ಲಿ ಬರೆದಿಟ್ಟ ಮಾಮೂಲಿ ಮಿತಿ ಅನ್ವಯವಾಗುತ್ತದೆ. ಹೆಚ್ಚಿನ ಬೀದಿಗಳು ಬದುಕುವುದೇ ಈ ಮಿತಿಯ ಮೇಲೆ. ಸ್ಪೇನ್‌ನಲ್ಲಿ ಇದು ತುಂಬ ಸರಳ. 2021ರ ಮೇ ತಿಂಗಳಿಂದ ಊರೊಳಗೆ ಹೋಗಲು ಒಂದು, ಬರಲು ಒಂದು ಲೇನ್ ಇರುವ ಬೀದಿಗೆ 30 ಕಿ.ಮೀ. ಎರಡೆರಡು ಲೇನ್ ಇದ್ದರೆ 50. ಫುಟ್‌ಪಾತೂ ರಸ್ತೆಯೂ ಒಂದೇ ಮಟ್ಟದಲ್ಲಿದ್ದರೆ 20. ಬೋರ್ಡ್ ಹುಡುಕಬೇಕಾಗಿಲ್ಲ, ಲೇನ್ ಎಣಿಸಿದರೆ ಸಾಕು. ನನಗೆ ತುಂಬ ಇಷ್ಟವಾದ ಪದ್ಧತಿ ಇದು.

ಎಂಜಿನಿಯರುಗಳು ಆ ನಂಬರನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಹಳೆಯ ಪದ್ಧತಿಗೆ '85ನೇ ಶೇಕಡಾ ವೇಗ' ಅಂತ ಹೆಸರು. ಬೀದಿಯಲ್ಲಿ 100 ಗಾಡಿಗಳ ವೇಗ ಅಳೆಯಿರಿ. ನಿಧಾನದಿಂದ ಜೋರಿನವರೆಗೆ ಸಾಲಾಗಿ ಬರೆಯಿರಿ. 85ನೇ ಗಾಡಿ ಎಷ್ಟು ವೇಗದಲ್ಲಿತ್ತೋ ಅದೇ ಆ ಬೀದಿಗೆ 'ಸಹಜ' ವೇಗ. ಅದು 47 ಬಂದರೆ ಹತ್ತಿರದ ಐದಕ್ಕೆ ಹೊಂದಿಸಿ 45 ಅಂತ ಬೋರ್ಡ್ ಹಾಕಿ. ಅಮೆರಿಕದಲ್ಲಿ ದಶಕಗಳ ಕಾಲ ಎಂಜಿನಿಯರುಗಳಿಗೆ ಇದೇ ಕೈಗೋಲು.

ಇದರ ಹಿಂದಿನ ನಂಬಿಕೆ ಏನೆಂದರೆ, ಹೆಚ್ಚಿನ ಜನ ವಿವೇಕದಿಂದಲೇ ಓಡಿಸುತ್ತಾರೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋದರೆ ಅಪಘಾತ ಕಡಿಮೆ. ಡೇವಿಡ್ ಸಾಲಮನ್ ಅನ್ನುವವರು 1964ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಾದಕ್ಕೆ ದೊಡ್ಡ ಬಲ ಕೊಟ್ಟಿತು. ಸರಾಸರಿಗಿಂತ ತೀರಾ ನಿಧಾನ ಹೋಗುವವರಿಗೂ ತೀರಾ ಜೋರಾಗಿ ಹೋಗುವವರಿಗೂ ಅಪಘಾತ ಜಾಸ್ತಿ ಅಂತ ಅದು ತೋರಿಸಿತು. ಆದರೆ ಆ ಅಧ್ಯಯನ ಆದದ್ದು ಗ್ರಾಮಾಂತರ ಹೆದ್ದಾರಿಗಳಲ್ಲಿ. ಅಲ್ಲಿ ಚೆಂಡಿನ ಹಿಂದೆ ಓಡಿಬರುವ ಮಗು ಇಲ್ಲ, ರಸ್ತೆ ದಾಟುವ ಅಜ್ಜಿ ಇಲ್ಲ, ಸೈಕಲ್ ಇಲ್ಲ. ಹೆದ್ದಾರಿಯಲ್ಲಿ ಕಂಡ ಪಾಠವನ್ನು ಮನೆ ಮುಂದಿನ ಬೀದಿಗೂ ಹಚ್ಚಿಬಿಟ್ಟರು.

ಜನ ಓಡಿಸಿದ ವೇಗವನ್ನೇ ಮಿತಿ ಅಂತ ಬರೆದರೆ ಅದಕ್ಕೆ ಮಿತಿ ಅಂತ ಯಾಕೆ ಕರೆಯಬೇಕು?

ನನ್ನ ಪ್ರಶ್ನೆಯೂ ಅದೇ. ಬೀದಿ ಅಗಲವಾಗಿ, ನೇರವಾಗಿ, ನುಣ್ಣಗಿದ್ದರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಆ ವೇಗ ಅಳೆದು ಬೋರ್ಡಿನಲ್ಲಿ ಬರೆಯುತ್ತಾರೆ. ಬೋರ್ಡ್ ನೋಡಿದವರು ಇನ್ನೂ ಸ್ವಲ್ಪ ಜೋರು ಹೋಗುತ್ತಾರೆ. ಕೆಲವು ವರ್ಷ ಬಿಟ್ಟು ಮತ್ತೆ ಅಳೆದರೆ ನಂಬರ್ ಇನ್ನೊಂದು ಮೆಟ್ಟಿಲು ಏರುತ್ತದೆ. ಆ ಬೀದಿಗೆ ಹೆದರಿ ನಡೆಯುವುದನ್ನೇ ಬಿಟ್ಟವರು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದು ವಿಪರೀತಕ್ಕೆ ಹೋಯಿತು. ಅಲ್ಲಿನ ದೊಡ್ಡ ಬೀದಿಗಳಲ್ಲಿ ಪೊಲೀಸರು ರಾಡಾರ್ ಹಿಡಿದು ದಂಡ ಹಾಕಬೇಕಾದರೆ, ಮಿತಿಗೆ ಆಧಾರವಾಗಿ ವೇಗ ಅಳೆದ, ಅವಧಿ ಮುಗಿಯದ ಸರ್ವೆ ಇರಬೇಕು. ಲಾಸ್ ಏಂಜಲೀಸ್‌ನಲ್ಲಿ ಎಷ್ಟೋ ಸರ್ವೆಗಳ ಅವಧಿ ಮುಗಿದಿತ್ತು. ಹೊಸದಾಗಿ ಅಳೆದರೆ ಗಾಡಿಗಳು ಮೊದಲಿಗಿಂತ ಜೋರಾಗಿ ಓಡುತ್ತಿದ್ದವು. ಹಾಗಾಗಿ ಜೋರು ಹೋಗುವವರನ್ನು ಹಿಡಿಯುವ ಅಧಿಕಾರ ಬೇಕು ಅಂತ 2018ರ ಸುಮಾರಿಗೆ ನಗರ 100 ಮೈಲಿಗೂ ಜಾಸ್ತಿ ಉದ್ದದ ಬೀದಿಗಳಲ್ಲಿ ಮಿತಿಯನ್ನೇ ಏರಿಸಬೇಕಾಯಿತು. ಕಳ್ಳನನ್ನು ಹಿಡಿಯಲು ಮೊದಲು ಬೀಗ ತೆಗೆದಿಟ್ಟ ಹಾಗೆ. 2021ರಲ್ಲಿ ರಾಜ್ಯ ಹೊಸ ಕಾನೂನು ತಂದು ನಗರಗಳ ಕೈ ಸ್ವಲ್ಪ ಬಿಚ್ಚಿತು.

2017ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯೇ ಈ 85ರ ಸೂತ್ರದ ಮೇಲೆ ಅಷ್ಟು ಭಾರ ಹಾಕಬೇಡಿ ಅಂತ ಹೇಳಿತು. 2023ರ ಡಿಸೆಂಬರ್‌ನಲ್ಲಿ ಬಂದ ರಸ್ತೆ ಫಲಕಗಳ ರಾಷ್ಟ್ರೀಯ ಕೈಪಿಡಿಯ 11ನೇ ಆವೃತ್ತಿಯಲ್ಲೂ ಆ ಸೂತ್ರದ ಗತ್ತು ಕಡಿಮೆಯಾಗಿದೆ. ಆದರೂ ಸೂತ್ರ ಪೂರ್ತಿ ಹೋಗಿಲ್ಲ.

ಹಾಗಾದರೆ ಹೊಸ ಪದ್ಧತಿ ಯಾವುದು?

ಪ್ರಶ್ನೆಯನ್ನೇ ತಿರುಗಿಸುವುದು. 'ಜನ ಎಷ್ಟು ಜೋರು ಹೋಗುತ್ತಾರೆ' ಅಂತ ಕೇಳುವ ಬದಲು 'ಇಲ್ಲಿ ಡಿಕ್ಕಿಯಾದರೆ ಯಾವ ವೇಗದವರೆಗೆ ಮನುಷ್ಯ ಬದುಕಿ ಉಳಿಯುತ್ತಾನೆ' ಅಂತ ಕೇಳುವುದು. ಸ್ವೀಡನ್ 1997ರಲ್ಲಿ 'ವಿಷನ್ ಝೀರೋ' ಅಂತ ಒಪ್ಪಿಕೊಂಡದ್ದರ ತಿರುಳು ಇದೇ. ಚಾಲಕ ತಪ್ಪು ಮಾಡಿಯೇ ಮಾಡುತ್ತಾನೆ, ನಡೆಯುವವನೂ ಮಾಡುತ್ತಾನೆ. ಆ ತಪ್ಪಿಗೆ ಜೀವ ತೆರಬಾರದು. ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ 2020ರ ಫೆಬ್ರವರಿಯಲ್ಲಿ ಹೊರಡಿಸಿದ ಸ್ಟಾಕ್‌ಹೋಮ್ ಘೋಷಣೆಯೂ ಗಾಡಿಗಳೂ ಜನರೂ ಬೆರೆಯುವ ಕಡೆ 30 ಕಿ.ಮೀ. ಗರಿಷ್ಠ ಮಿತಿ ಇರಲಿ ಅಂದಿತು.

ಅಂದರೆ ಎಲ್ಲ ಬೀದಿಗೂ ಒಂದೇ ನಂಬರ್ ಅಂತಲ್ಲ. ಉತ್ತರ ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ನ್ಯಾಕ್ಟೊ 2020ರಲ್ಲಿ ಕೊಟ್ಟ ಮಾರ್ಗದರ್ಶಿ ಎರಡು ವಿಷಯ ನೋಡಲು ಹೇಳುತ್ತದೆ. ಒಂದು, ಬೀದಿಯಲ್ಲಿ ಜನರ ಓಡಾಟ ಎಷ್ಟು. ಇನ್ನೊಂದು, ಗಾಡಿಯ ದಾರಿಗೆ ಅಡ್ಡ ಬರುವ ಸಂದರ್ಭ ಎಷ್ಟು: ಗೇಟುಗಳು, ತಿರುವುಗಳು, ಬಸ್ ನಿಲ್ದಾಣ, ಸಾಲಾಗಿ ನಿಂತ ಕಾರುಗಳು. ಎರಡೂ ಜಾಸ್ತಿ ಇದ್ದರೆ ಮಿತಿ ಕಡಿಮೆ.

30ಕ್ಕೂ 50ಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯೇ? ಬರೀ 20 ಕಿ.ಮೀ. ತಾನೇ?

ಲೆಕ್ಕ ಹಾಕಿ ನೋಡೋಣ. ನಿಂತ ಕಾರಿನ ಸಂದಿಯಿಂದ ಮಗುವೊಂದು ರಸ್ತೆಗೆ ಇಳಿಯಿತು ಅಂದುಕೊಳ್ಳಿ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಎಷ್ಟೋ ಜನರಿಗೆ ಇನ್ನೂ ಜಾಸ್ತಿ ಬೇಕು, ಇರಲಿ. 30ರಲ್ಲಿ ಹೋಗುವ ಗಾಡಿ ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಮುಂದೆ ಬಂದಿರುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಇನ್ನು 5 ಮೀಟರ್‌ಗೆ ನಿಲ್ಲುತ್ತದೆ. ಒಟ್ಟು 13 ಮೀಟರ್ ಚಿಲ್ಲರೆ.

50ರಲ್ಲಿ ಬರುವ ಗಾಡಿ ಅದೇ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಬಂದಿರುತ್ತದೆ. ಅಂದರೆ ಮೊದಲ ಗಾಡಿ ಪೂರ್ತಿ ನಿಂತ ಜಾಗದಲ್ಲಿ ಎರಡನೆಯದರ ಚಾಲಕ ಬ್ರೇಕನ್ನು ಇನ್ನೂ ಮುಟ್ಟಿಯೇ ಇರುವುದಿಲ್ಲ. ಮಗು ಹದಿಮೂರೂವರೆ ಮೀಟರ್ ದೂರದಲ್ಲಿದ್ದರೆ ಒಬ್ಬ ಅದರ ಮುಂದೆ ನಿಂತಿರುತ್ತಾನೆ, ಇನ್ನೊಬ್ಬ 50ರ ವೇಗದಲ್ಲೇ ಬಂದು ಗುದ್ದುತ್ತಾನೆ. ಮೇಲಾಗಿ ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 50ರಲ್ಲಿ ಅದು 30ಕ್ಕಿಂತ ಹತ್ತಿರ ಹತ್ತಿರ 2.8 ಪಟ್ಟು.

ಸರಾಸರಿ ವೇಗ ಶೇಕಡಾ 1 ಏರಿದರೆ ಸಾವಿನ ಅಪಘಾತದ ಅಪಾಯ ಸುಮಾರು ಶೇಕಡಾ 4 ಏರುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕ.

ಸರ್ವೆ ಅಂದರೆ ನಿಜಕ್ಕೂ ಏನು ಮಾಡುತ್ತಾರೆ?

ರಸ್ತೆಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರ್ ಕೊಳವೆ ಹಾಕಿರುವುದನ್ನು ನೋಡಿರಬಹುದು. ಅವುಗಳ ತುದಿ ಕಂಬಕ್ಕೆ ಸರಪಳಿ ಕಟ್ಟಿದ ಒಂದು ಸಣ್ಣ ಪೆಟ್ಟಿಗೆಗೆ ಹೋಗುತ್ತದೆ. ಚಕ್ರ ಹತ್ತಿದಾಗ ಕೊಳವೆಯೊಳಗಿನ ಗಾಳಿ ಒತ್ತಿಕೊಂಡು ಪೆಟ್ಟಿಗೆಗೆ ಬಡಿಯುತ್ತದೆ. ಮೊದಲ ಕೊಳವೆಗೂ ಎರಡನೆಯದಕ್ಕೂ ನಡುವಿನ ಹೊತ್ತಿನಿಂದ ವೇಗ ಸಿಗುತ್ತದೆ. ರಾತ್ರಿ ಮೂರು ಗಂಟೆಗೆ ಯಾರು ಹಾರಿಸಿಕೊಂಡು ಹೋದರು ಅನ್ನುವುದೂ ಅದಕ್ಕೆ ಗೊತ್ತು. ಈಗ ಕಂಬಕ್ಕೆ ಹಾಕುವ ರಾಡಾರ್, ಕ್ಯಾಮೆರಾ, ಗಾಡಿಗಳ ಜಿಪಿಎಸ್ ಮಾಹಿತಿಯೂ ಬಳಕೆಗೆ ಬಂದಿವೆ.

ಒಂದು ಒಳಗುಟ್ಟು ಹೇಳುತ್ತೇನೆ. ಹಳೆಯ ಪದ್ಧತಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮುಂದೆ ಅಡ್ಡಿಯಿಲ್ಲದೆ ಸಲೀಸಾಗಿ ಹೋಗುವ ಗಾಡಿಗಳನ್ನು ಮಾತ್ರ. ಮಳೆ ದಿನ ಬೇಡ, ಸಿಗ್ನಲ್ ಹತ್ತಿರ ಬೇಡ, ಗಿಜಿಗಿಜಿ ಹೊತ್ತು ಬೇಡ. ಹಾಗಾಗಿ ನಿಮ್ಮ ಬೀದಿಯ ನಂಬರ್ ಬಂದಿರುವುದು ಬೀದಿ ಖಾಲಿ ಇದ್ದಾಗ ಹೋದವರಿಂದ ಇರಬಹುದು. ಸರ್ವೆ ವರದಿ ಕೈಗೆ ಸಿಕ್ಕರೆ ಮೊದಲು ಅಳತೆಯ ಜಾಗ ಮತ್ತು ಹೊತ್ತನ್ನು ನೋಡಿ.

ನಾವೇ ಅಳೆಯಬಹುದೇ?

ಅಳೆಯಬಹುದು. ಫೋನಿನ ಸ್ಟಾಪ್‌ವಾಚ್ ಸಾಕು. ಎರಡು ದೀಪದ ಕಂಬಗಳ ನಡುವೆ ಟೇಪ್ ಹಿಡಿದು 50 ಮೀಟರ್ ಗುರುತು ಮಾಡಿಕೊಳ್ಳಿ. ಗಾಡಿ ಅದನ್ನು 6 ಸೆಕೆಂಡಿನಲ್ಲಿ ದಾಟಿದರೆ ವೇಗ 30. ನಾಲ್ಕೂವರೆ ಸೆಕೆಂಡಾದರೆ 40. 3.6 ಸೆಕೆಂಡಾದರೆ 50. ಕಾಣದ ಹಾಗೆ ನಿಲ್ಲಿ. ನಾನೊಮ್ಮೆ ಕೈಯಲ್ಲಿ ಪ್ಯಾಡ್ ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದೆ. ನನ್ನನ್ನು ಯಾವುದೋ ಇಲಾಖೆಯವನು ಅಂದುಕೊಂಡು ಅರ್ಧ ಗಂಟೆ ಎಲ್ಲರೂ ಮದುವೆ ಮೆರವಣಿಗೆಯ ಹಾಗೆ ಹೋದರು.

ಈ ಅಳತೆಗೆ ಕಾನೂನಿನ ಬೆಲೆ ಇಲ್ಲ. ಆದರೆ 'ತುಂಬಾ ಜೋರಾಗಿ ಹೋಗುತ್ತಾರೆ ಸಾರ್' ಅನ್ನುವುದಕ್ಕಿಂತ 'ಸಂಜೆ ನಾಲ್ಕರಿಂದ ಐದರವರೆಗೆ 60 ಗಾಡಿ ಅಳೆದೆವು, 22 ಗಾಡಿ 50 ಮೀರಿದ್ದವು' ಅನ್ನುವ ಕಾಗದಕ್ಕೆ ತೂಕ ಜಾಸ್ತಿ.

ಮಿತಿ ಬದಲಾಯಿಸುವ ಕ್ರಮ ಏನು? ಎಷ್ಟು ದಿನ ಹಿಡಿಯುತ್ತದೆ?

ದೇಶದಿಂದ ದೇಶಕ್ಕೆ ಬೇರೆ, ಆದರೆ ದಾರಿ ಹೆಚ್ಚುಕಡಿಮೆ ಒಂದೇ. ಯಾರೋ ಅರ್ಜಿ ಕೊಡುತ್ತಾರೆ ಅಥವಾ ಅಪಘಾತದ ಪಟ್ಟಿಯಲ್ಲಿ ಆ ಬೀದಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಎಂಜಿನಿಯರು ವೇಗ, ಓಡಾಟ, ಅಪಘಾತಗಳನ್ನು ನೋಡಿ ವರದಿ ಬರೆಯುತ್ತಾರೆ. ಪೊಲೀಸರ ಅಭಿಪ್ರಾಯ ಕೇಳುತ್ತಾರೆ. ಬಹಳ ಕಡೆ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಆಮೇಲೆ ಆದೇಶ ಹೊರಡುತ್ತದೆ, ಕೊನೆಗೆ ಬೋರ್ಡ್ ಬರುತ್ತದೆ. ಕಡತ ಸಲೀಸಾಗಿ ಸಾಗಿದರೆ ಕೆಲವು ತಿಂಗಳು. ನಿಂತರೆ ವರ್ಷಗಳು.

ಆಕ್ಷೇಪಣೆ ಕರೆದಾಗ ಬೇಡ ಅನ್ನುವವರಷ್ಟೇ ಬರೆಯುತ್ತಾರೆ. ಬೇಕು ಅನ್ನುವವರು ಮನೆಯಲ್ಲಿ ಕೂತು ಸರಿ ಅನ್ನುತ್ತಾರೆ. ಇಲ್ಲೇ ಎಷ್ಟೋ ಪ್ರಸ್ತಾಪಗಳು ಬಿದ್ದುಹೋಗುವುದು.

ಒಂದೊಂದೇ ಬೀದಿ ಬದಲಾಯಿಸುವುದು ಒಳ್ಳೆಯದೋ, ಇಡೀ ಊರು ಒಟ್ಟಿಗೋ?

ಒಟ್ಟಿಗೆ ಅನ್ನುವುದು ನನ್ನ ಅಭಿಪ್ರಾಯ. ಒಂದೊಂದಕ್ಕೂ ಸರ್ವೆ, ಕಡತ, ಆದೇಶ ಅಂತ ಕೂತರೆ ಒಂದು ತಲೆಮಾರು ಬೇಕು. ಮೇಲಾಗಿ ಬೀದಿಗೊಂದು ನಂಬರ್ ಇದ್ದರೆ ಚಾಲಕನಿಗೂ ತಲೆಬಿಸಿ. ಜೋರಾಗಿ ದೂರುವವರ ಬೀದಿಗೆ ಮೊದಲು ಬೋರ್ಡ್ ಬರುತ್ತದೆ, ದೂರಲು ಪುರುಸೊತ್ತಿಲ್ಲದವರ ಬೀದಿ ಹಾಗೇ ಉಳಿಯುತ್ತದೆ.

ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲೇ ಈ ಧೈರ್ಯ ಮಾಡಿತು. ಮುಖ್ಯ ರಸ್ತೆಗಳಿಗೆ 50, ಮಿಕ್ಕ ಎಲ್ಲದಕ್ಕೂ 30. 2021ರಲ್ಲಿ ಬ್ರಸೆಲ್ಸ್, ಪ್ಯಾರಿಸ್, 2023ರ ಕೊನೆಗೆ ಆಮ್‌ಸ್ಟರ್‌ಡ್ಯಾಮ್ ಇದೇ ದಾರಿ ಹಿಡಿದವು. ಹೆಲ್ಸಿಂಕಿಯಲ್ಲಿ ಈಗ ಅರ್ಧಕ್ಕೂ ಹೆಚ್ಚು ಬೀದಿಗಳಲ್ಲಿ ಮಿತಿ 30. 2025ರ ಜುಲೈಗೆ ಕೊನೆಯಾದ ಒಂದು ಇಡೀ ವರ್ಷ ಆ ನಗರದ ರಸ್ತೆಗಳಲ್ಲಿ ಒಬ್ಬರೂ ಸಾಯಲಿಲ್ಲ. ಬರೀ ಮಿತಿಯಿಂದ ಆದದ್ದಲ್ಲ ಅದು. ಬೀದಿಯ ವಿನ್ಯಾಸ, ಕ್ಯಾಮೆರಾ, ಬಸ್ಸು ಟ್ರಾಮು ಎಲ್ಲ ಸೇರಿವೆ.

ಬೋರ್ಡ್ ಬದಲಾಯಿಸಿದರೆ ಸಾಕೇ? ಯಾರು ನೋಡುತ್ತಾರೆ ಅದನ್ನು?

ಪೂರ್ತಿ ಸಾಕಾಗುವುದಿಲ್ಲ, ಹಾಗಂತ ಸುಮ್ನೆ ದಂಡವೂ ಅಲ್ಲ. ಬಾಸ್ಟನ್ 2017ರ ಜನವರಿಯಲ್ಲಿ ಮಾಮೂಲಿ ಮಿತಿಯನ್ನು 30 ಮೈಲಿಯಿಂದ 25ಕ್ಕೆ ಇಳಿಸಿತು. ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಮುಂಚೆಯೂ ಆಮೇಲೆಯೂ ಅಳೆಯಿತು. ಸರಾಸರಿ ವೇಗ ಅಷ್ಟೇನೂ ಅಲುಗಲಿಲ್ಲ. ಆದರೆ 35 ಮೈಲಿ ಮೀರಿ ಹೋಗುವ ಸಾಧ್ಯತೆ ಶೇಕಡಾ 29ರಷ್ಟು ಇಳಿದಿತ್ತು. ಅಂದರೆ ಸಭ್ಯರು ಮೊದಲಿನಂತೆಯೇ ಹೋದರು, ಜೋರಿನವರು ತಗ್ಗಿದರು. ಕೊಲ್ಲುವುದು ಅವರ ವೇಗವೇ ಆದ್ದರಿಂದ ಇದು ಸಣ್ಣ ಲಾಭವಲ್ಲ. ಸಿಯಾಟಲ್‌ನಲ್ಲಿ ಮಿತಿ ಇಳಿಸಿದ್ದರ ಜೊತೆಗೆ ಸುಮಾರು ಕಾಲು ಮೈಲಿಗೊಂದರಂತೆ ಬೋರ್ಡ್ ಒತ್ತಾಗಿ ಹಾಕಿದರು. ಅಷ್ಟಕ್ಕೇ ವೇಗ ತಗ್ಗಿತು.

ಹಂಪ್ ಹಾಕಿಸಿದರೆ ಮುಗಿಯಿತಲ್ಲ?

ಸರಿಯಾದ ಅಳತೆಯ ಹಂಪ್ ಒಳ್ಳೆಯದೇ. ಅಳತೆ ತಪ್ಪಿದ ಹಂಪ್ ಸೊಂಟಕ್ಕೂ ಅಪಾಯ, ಬೈಕಿಗೂ ಅಪಾಯ. ರಾತ್ರಿ ಕಾಣದಿದ್ದರಂತೂ ಕೇಳುವುದೇ ಬೇಡ. ಬೇರೆ ದಾರಿಗಳೂ ಇವೆ. ಲೇನ್ ಕಿರಿದು ಮಾಡಬಹುದು, ಮೂಲೆಗಳಲ್ಲಿ ಫುಟ್‌ಪಾತ್ ಮುಂದಕ್ಕೆ ಚಾಚಬಹುದು, ಜನ ದಾಟುವ ಜಾಗವನ್ನೇ ಎತ್ತರಿಸಬಹುದು, ನೇರ ಬೀದಿಯನ್ನು ಸ್ವಲ್ಪ ಡೊಂಕು ಮಾಡಬಹುದು, ಬದಿಯಲ್ಲಿ ಮರ ನೆಡಬಹುದು. ಬೀದಿಯ ಆಕಾರವೇ '30' ಅಂತ ಹೇಳುತ್ತಿದ್ದರೆ ಬೋರ್ಡ್ ನೋಡದವನೂ ನಿಧಾನ ಹೋಗುತ್ತಾನೆ. ನಾಲ್ಕು ಲೇನಿನ ಅಗಲ ರಸ್ತೆ ಕಟ್ಟಿ 30 ಅಂತ ಬರೆದರೆ, ಬೋರ್ಡ್ ಒಂದು ಹೇಳುತ್ತದೆ, ರಸ್ತೆ ಇನ್ನೊಂದು ಹೇಳುತ್ತದೆ. ಚಾಲಕ ಕೇಳುವುದು ರಸ್ತೆಯ ಮಾತನ್ನು.

ಫೈರ್ ಎಂಜಿನ್, ಆಂಬುಲೆನ್ಸ್ ತಡವಾಗುವುದಿಲ್ಲವೇ?

ಮಿತಿಯಿಂದ ಆಗುವುದಿಲ್ಲ. ತುರ್ತು ಕೆಲಸದಲ್ಲಿದ್ದಾಗ ಬಹಳ ದೇಶಗಳಲ್ಲಿ ಅವುಗಳಿಗೆ ವಿನಾಯಿತಿ ಇದೆ. ಹಂಪ್‌ನಿಂದ ಆಗಬಹುದು. ಅದಕ್ಕೇ ಕೆಲವು ಕಡೆ ಹಂಪನ್ನು ತುಂಡು ತುಂಡಾಗಿ ಹಾಕುತ್ತಾರೆ. ಎಡ-ಬಲ ಚಕ್ರಗಳ ನಡುವೆ ಅಂತರ ಜಾಸ್ತಿ ಇರುವ ದೊಡ್ಡ ಗಾಡಿ ಆಚೀಚೆ ಕಾಲಿಟ್ಟು ಸಲೀಸಾಗಿ ದಾಟುತ್ತದೆ, ಕಾರು ಹತ್ತಿಯೇ ಇಳಿಯಬೇಕು.

ನನ್ನ ಟೈಮ್ ಎಷ್ಟು ಹಾಳಾಗುತ್ತದೆ?

ಒಂದು ಕಿ.ಮೀ. ದೂರವನ್ನು ಎಲ್ಲೂ ನಿಲ್ಲದೆ 50ರಲ್ಲಿ ಹೋದರೆ 72 ಸೆಕೆಂಡ್. 30ರಲ್ಲಿ 120 ಸೆಕೆಂಡ್. ವ್ಯತ್ಯಾಸ 48 ಸೆಕೆಂಡ್, ಅದೂ ಎಲ್ಲೂ ನಿಲ್ಲದಿದ್ದರೆ. ಊರೊಳಗೆ ಹಾಗೆ ಎಲ್ಲಿ ಹೋಗುತ್ತೇವೆ? ಜೋರಾಗಿ ಹೋಗಿ ಸಿಗ್ನಲ್‌ನಲ್ಲಿ ಕಾಯುವವನನ್ನು ಹಿಂದಿನಿಂದ ನಿಧಾನಕ್ಕೆ ಬಂದವನು ಹಿಡಿದೇ ಹಿಡಿಯುತ್ತಾನೆ.

ಇಳಿಸಿದ ಮಿತಿಯನ್ನು ಮತ್ತೆ ಏರಿಸಬಹುದೇ?

ಏರಿಸಬಹುದು, ಆಗಿದೆ ಕೂಡ. ವೇಲ್ಸ್ 2023ರ ಸೆಪ್ಟೆಂಬರ್ 17ರಂದು ಜನವಸತಿಯ ರಸ್ತೆಗಳ ಮಾಮೂಲಿ ಮಿತಿಯನ್ನು 30 ಮೈಲಿಯಿಂದ 20ಕ್ಕೆ ಇಳಿಸಿತು. ಬೇಡ ಅಂತ ಅಲ್ಲಿನ ಸಂಸತ್ತಿಗೆ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಮರು ವರ್ಷ ಸರ್ಕಾರ ಮಾರ್ಗಸೂಚಿ ತಿದ್ದಿತು. ಯಾವ ರಸ್ತೆಗಳು 30ಕ್ಕೆ ಮರಳಬಹುದು ಅಂತ ಸ್ಥಳೀಯ ಆಡಳಿತಗಳೇ ನೋಡಲಿ ಅಂದಿತು. ಮಾಮೂಲಿ ಮಿತಿ ಮಾತ್ರ 20ರಲ್ಲೇ ಉಳಿಯಿತು. ನನ್ನ ಮಟ್ಟಿಗೆ ಇದು ಸೋಲಲ್ಲ. ಯಾವ ಬೀದಿಗೆ ಯಾಕೆ ಅಂತ ಮೊದಲೇ ಕೂತು ವಿಂಗಡಿಸಿದ್ದರೆ ಅರ್ಧ ಸಿಟ್ಟು ಹುಟ್ಟುತ್ತಲೇ ಇರಲಿಲ್ಲ ಅಷ್ಟೇ.

ತಿರುವಿನಲ್ಲಿ ಹಳದಿ ಬೋರ್ಡಿನಲ್ಲಿ ಬೇರೆ ನಂಬರ್ ಇದೆ. ಅದೂ ಮಿತಿಯೇ?

ಅಮೆರಿಕದಂಥ ದೇಶಗಳಲ್ಲಿ ಅಲ್ಲ, ಅದು ಸಲಹೆ. ಈ ತಿರುವನ್ನು ಇಷ್ಟರಲ್ಲಿ ತೆಗೆದುಕೊಂಡರೆ ಕ್ಷೇಮ ಅಂತ. ಕಾನೂನಿನ ಮಿತಿಯ ಬೋರ್ಡ್ ಬೇರೆ ಬಣ್ಣದಲ್ಲಿರುತ್ತದೆ.

ಎಷ್ಟು ವರ್ಷಕ್ಕೊಮ್ಮೆ ಮಿತಿಯನ್ನು ಮತ್ತೆ ನೋಡಬೇಕು?

ಎಲ್ಲ ಕಡೆ ನಿಯಮ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸರ್ವೆಯ ಆಯಸ್ಸು 5 ವರ್ಷ, ಕೆಲವು ಷರತ್ತಿನ ಮೇಲೆ 7, ಇನ್ನೂ ಕೆಲವಕ್ಕೆ 14ರವರೆಗೆ. ನನ್ನ ಕೇಳಿದರೆ ಕ್ಯಾಲೆಂಡರಿಗಿಂತ ಬೀದಿಯನ್ನು ನೋಡಬೇಕು. ಹೊಸ ಶಾಲೆ ಬಂತು, ಬಸ್ ಮಾರ್ಗ ಬದಲಾಯಿತು, ಖಾಲಿ ಜಾಗದಲ್ಲಿ ಮನೆಗಳು ಎದ್ದವು ಅಂದರೆ ಆಗಲೇ ಮತ್ತೆ ನೋಡುವ ಹೊತ್ತು.

ಫೋನಿನ ಮ್ಯಾಪ್ 50 ತೋರಿಸುತ್ತದೆ, ಬೋರ್ಡ್ 30 ಅನ್ನುತ್ತದೆ. ಯಾವುದು ಸರಿ?

ಬೋರ್ಡ್. ಮಿತಿ ಬದಲಾದ ದಿನವೇ ಮ್ಯಾಪ್ ಬದಲಾಗುವುದಿಲ್ಲ. ನಗರದವರು ಹೊಸ ಪಟ್ಟಿಯನ್ನು ಗಣಕಕ್ಕೆ ಸರಿಯಾದ ರೂಪದಲ್ಲಿ ಕೊಡದೆ ಪಿಡಿಎಫ್‌ನಲ್ಲಿ ಇಟ್ಟು ಕೂತರೆ ಇನ್ನೂ ತಡ. ಇದು ಈಗ ಸಣ್ಣ ವಿಷಯವಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರುವ ಹೊಸ ಕಾರುಗಳಲ್ಲಿ ಮಿತಿ ಮೀರಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಅದು ಕ್ಯಾಮೆರಾದಿಂದ ಬೋರ್ಡ್ ಓದುತ್ತದೆ, ಮ್ಯಾಪನ್ನೂ ನೋಡುತ್ತದೆ. ಬೋರ್ಡನ್ನು ಮರದ ಕೊಂಬೆ ಮುಚ್ಚಿದ್ದು, ಮ್ಯಾಪ್ ಹಳೆಯದಾಗಿದ್ದರೆ, ಕಾರು 50 ಅಂತಲೇ ತಿಳಿದು ಸುಮ್ಮನಿರುತ್ತದೆ. ನಿಮ್ಮ ಬೀದಿಯ ಬೋರ್ಡ್ ಕೊಂಬೆಯ ಹಿಂದೆ ಅಡಗಿದ್ದರೆ ಆ ದೂರನ್ನು ಇವತ್ತೇ ಕೊಡಿ. ಅದಕ್ಕೆ ಸರ್ವೆ ಬೇಡ, ಗೆಜೆಟ್ ಬೇಡ, ಒಂದು ಕತ್ತಿ ಸಾಕು.